ಟಾಕಿ ತುಂಬಿದ ದಿನದ ಸಿಗ್ನಲ್

ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಸಂಸ್ಥೆಯವರು ಹಾಕಿದ ಷರತ್ತು ಒಂದೇ. ಜೋಡಿಯಾಗಿ ಕೆಲಸ ಮಾಡುವ ಇಬ್ಬರ ಇಂಟರ್ನೆಟ್ ಬೇರೆ ಬೇರೆ ಆಗಿರಬೇಕು. ಒಬ್ಬರದು ಕೇಬಲ್ ಆದರೆ ಇನ್ನೊಬ್ಬರದು ಕೇಬಲ್ ಆಗಬಾರದು. ಒಂದು ಹೋದಾಗ ಇನ್ನೊಂದು ಉಳಿದಿರಬೇಕು.

ಕೆಲಸ ಇಂಥದ್ದು: ಕಿವಿ ಕೇಳದ ವಿದ್ಯಾರ್ಥಿನಿಯೊಬ್ಬಳು ಬೇರೊಂದು ಊರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಾಳೆ. ಅಲ್ಲಿನ ಅಧ್ಯಾಪಕರ ಅಂಗಿಗೆ ಸಿಕ್ಕಿಸಿದ ಮೈಕು ಅವರ ಮಾತನ್ನು ನನ್ನ ಕಿವಿಗೆ ತರುತ್ತದೆ. ಬೆಟಗೇರಿಯ ನಮ್ಮ ಮನೆಯಲ್ಲಿ ಕುಳಿತು ನಾನು ಅದನ್ನು ಕೇಳುತ್ತಲೇ ಕನ್ನಡದಲ್ಲಿ ಟೈಪ್ ಮಾಡುತ್ತೇನೆ. ಸಾಲುಗಳು ಅವಳ ಡೆಸ್ಕಿನ ಮೇಲಿನ ಟ್ಯಾಬ್‌ನಲ್ಲಿ ಮೂಡುತ್ತವೆ. ನನ್ನ ಸಂಪರ್ಕ ಕಡಿದರೆ ಅವಳ ಪಾಲಿಗೆ ಅಧ್ಯಾಪಕರು ಬರೀ ಬಾಯಿ ಆಡಿಸುತ್ತ ನಿಂತಿರುತ್ತಾರೆ. ಅದಕ್ಕೇ ಪ್ರತಿ ತರಗತಿಗೂ ಇಬ್ಬರು: ಬರೆಯುವವಳು ಒಬ್ಬಳು, ಅವಳು ಬಿದ್ದರೆ ಎತ್ತಿಕೊಳ್ಳಲು ಕಾಯುವವಳು ಇನ್ನೊಬ್ಬಳು. ಪ್ರಾಯೋಗಿಕ ಅವಧಿ ಮುಗಿದ ಮೇಲೆ ಇಬ್ಬರಲ್ಲಿ ಯಾರು ಕಾಯಂ ಬರೆಯುವವಳು ಎಂದು ಮೇಲ್ವಿಚಾರಕಿ ನಿರ್ಧರಿಸುತ್ತಾರೆ. ಇನ್ನೊಬ್ಬಳು ಕಾಯುತ್ತಲೇ ಇರುತ್ತಾಳೆ.

ನನಗೆ ಬರೆಯುವವಳ ಜಾಗ ಬೇಕಿತ್ತು. ಎಂ.ಎಸ್ಸಿಯಲ್ಲಿ ನಾನು ಓದಿದ್ದು ಅದೇ ವಿಷಯ. ಓದು ಮುಗಿಸಿ ಮನೆಗೆ ಬಂದ ಮೇಲೆ ನನ್ನ ಓದನ್ನು ಯಾರಾದರೂ ಕೇಳಿದ್ದು ಇದೇ ಮೊದಲ ಸಲ.

ಕಾಯುವವಳು ನನ್ನ ಕಾಕಾನ ಮಗಳು. ಈ ಕೆಲಸದ ಸುದ್ದಿಯನ್ನು ಅವಳಿಗೆ ಹೇಳಿದವಳು ನಾನೇ. ಕನ್ನಡ ಟೈಪಿಂಗ್ ಕಲಿಸಿದವಳೂ ನಾನೇ. ನನ್ನ ಲ್ಯಾಪ್‌ಟಾಪಿನಲ್ಲಿ, ನನ್ನ ಖಾತೆಯಲ್ಲಿ, ನನ್ನ ಪಕ್ಕದಲ್ಲೇ ಕುಳಿತು ಕಲಿತಳು. ಕಲಿತ ತಿಂಗಳೊಳಗೆ ನನಗಿಂತ ಬೇಗ ಟೈಪ್ ಮಾಡತೊಡಗಿದಳು. ಅವಳೂ ಅರ್ಜಿ ಹಾಕುವಾಗ ನಾನು ಒಂದು ಮಾತೂ ಆಡಲಿಲ್ಲ. ಆಡುವುದು ನನ್ನ ಸ್ವಭಾವವಲ್ಲ.

ನಮ್ಮದು ಅವರದು ಒಂದೇ ಮನೆಯಾಗಿತ್ತು. ಹಿಸ್ಸೆ ಆದ ಮೇಲೆ ಕಾಕಾ ತಮ್ಮ ಭಾಗ ಕೆಡವಿ ಸ್ಲ್ಯಾಬ್ ಹಾಕಿಸಿದರು. ನಮ್ಮದು ಹಳೆಯ ಮಣ್ಣಿನ ಮಾಳಿಗೆಯ ಮನೆಯಾಗಿಯೇ ಉಳಿಯಿತು. ನಡುವೆ ಒಂದು ಗೋಡೆ. ಅಪ್ಪನಿಗೆ ಮುಂಡರಗಿಯಲ್ಲಿ ನೌಕರಿ, ರವಿವಾರ ಬಂದು ಹೋಗುತ್ತಾರೆ. ಉಳಿದ ದಿನ ಮನೆಯಲ್ಲಿ ನಾನು ಮತ್ತು ಅವ್ವ. ಓಣಿಗೆ ಕೇಬಲ್ ಇಂಟರ್ನೆಟ್ ಬಂದಾಗ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಖಾಲಿ ಉಳಿದಿದ್ದ ಕೊನೆಯ ಜಾಗ ಕಾಕಾನ ಮನೆಗೆ ಹೋಯಿತು. ಹೊಸ ಪೆಟ್ಟಿಗೆ ಕೂರಿಸಿದಾಗ ನಿಮಗೆ ಕೊಡುತ್ತೇವೆ ಎಂದು ಕಂಪನಿಯವರು ಹೇಳಿಹೋದರು. ಆ ಪೆಟ್ಟಿಗೆ ಇನ್ನೂ ಬಂದಿಲ್ಲ. ಹೀಗಾಗಿ ಸಂಸ್ಥೆಯ ಷರತ್ತಿನ ಲೆಕ್ಕದಲ್ಲಿ ಕೇಬಲ್ ಅವಳದು, "ಬೇರೆ ಯಾವುದಾದರೂ" ನನ್ನದು.

ನಾನು ಸಿಮ್ ಹಾಕುವ ಮೋಡೆಮ್ ತರಿಸಿದೆ. ಮೊಬೈಲ್ ಟವರಿನಿಂದ ಸಿಗ್ನಲ್ ಎಳೆದುಕೊಂಡು ಮನೆಗೆ ಇಂಟರ್ನೆಟ್ ಕೊಡುವ ಬಿಳಿ ಡಬ್ಬಿ. ಎರಡು ಕಂಪನಿಯ ಸಿಮ್‌ಗಳನ್ನು ಹಾಕಿ ನೋಡಿ, ನಮ್ಮ ಓಣಿಯಲ್ಲಿ ಮೇಲಾದದ್ದನ್ನು ಇಟ್ಟುಕೊಂಡೆ. ಮೋಡೆಮ್ಮಿಗೆ ವೈರ್ ಜೋಡಿಸಿ, ಲ್ಯಾಪ್‌ಟಾಪಿನಲ್ಲಿ ಅದರ ಪುಟ ತೆರೆದು, ಮೊದಲು ಕಾರ್ಖಾನೆ ಕೊಟ್ಟ ವೈ-ಫೈ ಪಾಸ್‌ವರ್ಡ್ ಬದಲಿಸಿದೆ. ಇಲ್ಲಿ ಸ್ವಲ್ಪ ಹೊತ್ತು ಯೋಚಿಸಿದೆ. ನನ್ನ ಹಳೆಯ ಪಾಸ್‌ವರ್ಡ್‌ಗಳೆಲ್ಲ ಕಾಕಾನ ಮಗಳಿಗೆ ಗೊತ್ತು. ಟೈಪಿಂಗ್ ಕಲಿಯುವಾಗ ಹೇಳಿದ್ದೆ. ಅವಳು ಊಹಿಸಲಾರದ್ದು ಬೇಕಿತ್ತು. "ನನ್ನದುಮಾತ್ರ" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆದು ಉಳಿಸಿದೆ. ಬರೆದಾಗ ಸಮಾಧಾನವಾಯಿತು.

ಅವ್ವ ಅದನ್ನು ದೇವರ ಮನೆಯ ಪಕ್ಕದ ಮಾಡದಲ್ಲಿ, ಗೋಡೆಯೊಳಗೆ ಕೊರೆದ ಗೂಡಿನಲ್ಲಿ ಇಟ್ಟಳು. ಬೆಲೆಬಾಳುವ ಸಾಮಾನು ಇಡುವ ಜಾಗ ಅದು. ಮೇಲೆ ತಾನೇ ಹೆಣೆದ ಕ್ರೋಶಾ ಹೊದಿಕೆ ಹಾಕಿದಳು. ಮಧ್ಯಾಹ್ನದೊಳಗೆ ಡಬ್ಬಿ ಕಾದು, ತಾನಾಗಿ ಆರಿ ಹತ್ತತೊಡಗಿತು.

"ಅದಕ್ಕ ಉಸಿರಾಡಾಕ ಬೇಕಬೇ ಅವ್ವಾ, ಹೊದಿಕಿ ತಗಿ."

"ಧೂಳಾ ಕುಂತ್ರ? ನಿಮ್ಮ ಕಾಕಿ ಟಿ.ವಿ.ಗೂ ಹೊದಿಸ್ಯಾಳ, ಅದೇನ್ ಸತ್ತೈತೇನು?"

ಹೊದಿಕೆ ತೆಗೆದರೂ ಸಿಗ್ನಲ್ ಬರಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಒಬ್ಬ ಮನುಷ್ಯ ಅಡ್ಡಲಾಗಿ ನಿಲ್ಲಬಹುದಾದಷ್ಟು ದಪ್ಪ ನಮ್ಮ ಮನೆಯ ಗೋಡೆ. ಬೇಸಿಗೆಯಲ್ಲಿ ತಂಪು ಕೊಡುವ ಅದೇ ಗೋಡೆ ಟವರಿನ ಅಲೆಗಳನ್ನೂ ಹೊರಗೇ ನಿಲ್ಲಿಸುತ್ತದೆ. ಮೋಡೆಮ್ಮನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ತಿರುಗಿದೆ. ಪಡಸಾಲೆಯಲ್ಲಿ ಏನೂ ಇಲ್ಲ. ಅಡುಗೆಮನೆಯಲ್ಲಿ ಏನೂ ಇಲ್ಲ. ಮಾಳಿಗೆಯ ನಡುವೆ ಬೆಳಕಿಗೆಂದು ಬಿಟ್ಟ ಬೆಳಕಿಂಡಿಯ ಕೆಳಗೆ ನಿಂತಾಗ ಮಾತ್ರ ದೀಪ ಕೆಂಪಿನಿಂದ ಹಳದಿಗೆ ತಿರುಗಿತು. ಬಿಸಿಲು ಬಿದ್ದಲ್ಲೇ ಸಿಗ್ನಲ್ಲೂ ಬೀಳುತ್ತಿತ್ತು.

ಗೋಡೆಯಾಚೆ ಅವಳ ಕೋಣೆಯಲ್ಲಿ ಕೇಬಲ್ಲಿನವನು ಹತ್ತಿಸಿಕೊಟ್ಟುಹೋದ ದೀಪ ಆ ದಿನದಿಂದ ಹಸಿರಾಗಿಯೇ ಇತ್ತು. ಅದಕ್ಕಾಗಿ ಅವಳು ಮಾಡಿದ ಕೆಲಸವೆಂದರೆ ಅವನಿಗೆ ಚಹಾ ಕೊಟ್ಟದ್ದು.

ನಾನು ಹೊರಗೆ ನಿಲ್ಲಿಸುವ ಆಂಟೆನಾ ತರಿಸಿದೆ. ಊಟದ ತಟ್ಟೆಯಷ್ಟು ಅಗಲದ ಚೌಕ ಹಲಗೆ. ಅದು ಮುಖ ಮಾಡಿದ ದಿಕ್ಕಿನ ಸಿಗ್ನಲ್ಲನ್ನು ಮಾತ್ರ ಹಿಡಿಯುತ್ತದೆ, ಆದ್ದರಿಂದ ದಿಕ್ಕು ಸರಿಯಾಗಿ ಕೂಡಿಸಬೇಕು. ಅದರ ವೈರು ಉದ್ದವಾದಷ್ಟೂ ಹಿಡಿದ ಸಿಗ್ನಲ್ ದಾರಿಯಲ್ಲೇ ಸೋರುತ್ತದೆ, ಆದ್ದರಿಂದ ಹತ್ತಿರವೂ ಇರಬೇಕು. ಬೆಳಕಿಂಡಿಯ ಕಟ್ಟಿಗೆಯ ಚೌಕಟ್ಟಿಗೆ ಒಂದು ಕಬ್ಬಿಣದ ಪೈಪು ಬಿಗಿದು ಮೇಲೆ ಹಲಗೆ ಕೂರಿಸಿದೆ. ಮಣ್ಣಿನ ಮಾಳಿಗೆಯಲ್ಲಿ ಬೇರೆಲ್ಲೂ ಪೈಪು ನೆಡಲಾಗದು; ನೆಟ್ಟರೆ ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ಟವರು ಮುಂಡರಗಿ ರಸ್ತೆಯ ಕಡೆಗಿದೆ, ಕಾಕಾನ ಸ್ಲ್ಯಾಬಿನ ಮೇಲಿಂದ ಅದರ ತುದಿ ಕಾಣುತ್ತದೆ. ಅವ್ವನನ್ನು ಕೆಳಗೆ ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಸಿಗ್ನಲ್ಲಿನ ಬಲ ತೋರಿಸುವ ಅಂಕಿಯನ್ನು ಗಟ್ಟಿಯಾಗಿ ಓದಲು ಹೇಳಿದೆ. ನಾನು ಮೇಲೆ ಹಲಗೆಯನ್ನು ಬೆರಳಷ್ಟು ಬೆರಳಷ್ಟೇ ತಿರುಗಿಸುತ್ತಿದ್ದೆ.

"ಮೈನಸ್ ನೂರಾ ಹದಿನಾಕು," ಅವ್ವನ ದನಿ ಬೆಳಕಿಂಡಿಯಿಂದ ಮೇಲೆ ಬಂತು.

"ಈಗ?"

"ಮೈನಸ್ ನೂರಾ ಒಂಬತ್ತು. ಕಡಿಮಿ ಆತಲ್ಲಬೇ!"

"ಕಡಿಮಿ ಆದ್ರ ಛಲೋ."

"ಹಾಂ? ಕಡಿಮಿ ಆದ್ರ ಛಲೋ ಅನ್ನೂದು ಎಲ್ಲಿ ಲೆಕ್ಕಾನೋ. ನೂರಾ ಮೂರು. ತೊಂಬತ್ತೇಳು. ಏ, ಮತ್ತ ನೂರ್ ದಾಟ್ತು, ಹಿಂದಕ ತಿರುವು, ಹಿಂದಕ!"

ಮೈನಸ್ ತೊಂಬತ್ತೈದಕ್ಕೆ ನಿಲ್ಲಿಸಿ, ತಿರುಪು ಬಿಗಿದು, ಹಲಗೆ ಅಲುಗಿದರೆ ತಿಳಿಯಲೆಂದು ಪೈಪಿನ ಮೇಲೂ ಹಲಗೆಯ ಹಿಡಿಕೆಯ ಮೇಲೂ ಕೂಡುವಂತೆ ಮೊಳೆಯಿಂದ ಗೀರು ಹಾಕಿದೆ. ಕೆಳಗಿಳಿದಾಗ ದೀಪ ಹಸಿರಾಗಿತ್ತು. ಆಗ ಓಣಿಯ ನಳಕ್ಕೆ ನೀರು ಬಂದು ಬಹಳ ದಿನವಾಗಿತ್ತು. ಆ ಸಂಗತಿಗೆ ಇದರೊಂದಿಗೆ ಸಂಬಂಧವಿದೆ ಎಂದು ನನಗೆ ಹೊಳೆಯಲಿಲ್ಲ.

ಮೊದಲ ಪಾಠಗಳು ಚೆನ್ನಾಗಿ ಹೋದವು. ನನ್ನ ಪರದೆಯ ಮೂಲೆಯಲ್ಲಿ ಎರಡು ಚುಕ್ಕಿ ಕಾಣುತ್ತವೆ. ದೊಡ್ಡದು ಬರೆಯುವವಳದು, ಚಿಕ್ಕದು ಕಾಯುವವಳದು. ಅವಳ ಚಿಕ್ಕ ಹಸಿರು ಚುಕ್ಕಿ ಪಾಠದುದ್ದಕ್ಕೂ ಮಿಟುಕದೆ ಇರುತ್ತಿತ್ತು. ಕಾಯುವವಳಿಗೆ ಅದೇ ಕೆಲಸ, ಹಸಿರಾಗಿ ಇರುವುದು. ಆದರೂ ನನಗೆ ಅದು ಯಾರೋ ಬಾಗಿಲಲ್ಲಿ ನಿಂತು ನೋಡಿದಂತೆ ಅನಿಸುತ್ತಿತ್ತು.

ಒಂದು ಮುಂಜಾನೆ ಜೀವಕೋಶ ವಿಭಜನೆಯ ಪಾಠ ನಡೆದಾಗ ಓಣಿಯಲ್ಲಿ ಕೂಗು ಎದ್ದಿತು. "ನಳಾ ಬಂತು, ನಳಾ ಬಂತು!" ನಮ್ಮಲ್ಲಿ ನಳದ ನೀರು ದಿನವೂ ಬರುವುದಿಲ್ಲ. ವಾರಕ್ಕೋ, ಹೆಚ್ಚು ಕಡಿಮೆ ಇನ್ನೂ ಕೆಲವು ದಿನಕ್ಕೋ ಒಮ್ಮೆ ಬರುತ್ತದೆ. ಬಂದಾಗ ಮನೆಯಲ್ಲಿದ್ದ ಎಲ್ಲ ಪಾತ್ರೆ ತುಂಬಬೇಕು. ಮರುಗಳಿಗೆ ಮನೆ ಮನೆಯ ಮೋಟರು ಶುರುವಾದವು. ಅಡುಗೆಮನೆಯಿಂದ ಅವ್ವ ಬೈಯುವುದು ಕೇಳಿತು: "ಹಚ್ಚಿದ್ರು ನೋಡು ಕಾಕಾನ ಮನಿಯವ್ರು. ಅವ್ರ ಮೋಟರ್ ಹಚ್ಚಿದ್ರ ನಮ್ಮ ನಳದಾಗ ಬರೇ ಗಾಳಿ ಬರ್ತೈತಿ."

ಸ್ವಲ್ಪ ಹೊತ್ತಿಗೆ ನನ್ನ ಕಿವಿಯಲ್ಲಿ ಅಧ್ಯಾಪಕರ ಮಾತು ತುಂಡು ತುಂಡಾಯಿತು. ದೊಡ್ಡ ಚುಕ್ಕಿ ಕೆಂಪಾಯಿತು. ಅದರ ಪಕ್ಕದ ಚಿಕ್ಕ ಚುಕ್ಕಿ ದೊಡ್ಡದಾಗಿ, ಪರದೆಯ ಮೇಲೆ, ಅಕ್ಷರಗಳಿಗಷ್ಟೇ ಸಾಲುವ ಸಿಗ್ನಲ್ಲಿನಲ್ಲಿ, ನಾನು ಬರೆಯದ ಸಾಲುಗಳು ಓಡತೊಡಗಿದವು. ನಾನು ಬಿಟ್ಟ ಶಬ್ದದಿಂದಲೇ ಅವಳು ಹಿಡಿದಿದ್ದಳು. ಒಂದು ಅಕ್ಷರದ ಹೆಚ್ಚು ಕಡಿಮೆ ಇರಲಿಲ್ಲ.

ಎಲ್ಲ ಮೋಟರು ಒಟ್ಟಿಗೆ ಹತ್ತಿದಾಗ ನಮ್ಮ ಓಣಿಯ ಬಲ್ಬುಗಳು ಮಂಕಾಗುತ್ತವೆ. ವೋಲ್ಟೇಜು ಇಳಿದು ಮೋಡೆಮ್ ತಡವರಿಸಿರಬೇಕು ಎಂದು ಲೆಕ್ಕ ಹಾಕಿದೆ. ಮೋಡೆಮ್ಮಿಗೆಂದೇ ಮಾಡುವ ಪುಟ್ಟ ಬ್ಯಾಟರಿ ಪೆಟ್ಟಿಗೆ ತರಿಸಿ ನಡುವೆ ಜೋಡಿಸಿದೆ. ಕರೆಂಟಿನ ಪ್ಲಗ್ ಕಿತ್ತರೂ ಮೋಡೆಮ್ ನಡೆಯುತ್ತದೆಂದು ಮೂರು ನಾಲ್ಕು ಸಲ ಪರೀಕ್ಷಿಸಿದೆ. ಸಿಗ್ನಲ್ ಕೂಡ ಮೆಲ್ಲಗೆ ತಾನಾಗಿ ಸುಧಾರಿಸಿತ್ತು. ಸಮಸ್ಯೆ ಮುಗಿಯಿತು ಅಂದುಕೊಂಡೆ.

ಮುಂದಿನ ಸಲ ನಳ ಬಂದಾಗ ಮೋಡೆಮ್ ಆರಲಿಲ್ಲ, ತಡವರಿಸಲೂ ಇಲ್ಲ. ಆದರೆ ಅಂಕಿ ಮೈನಸ್ ನೂರಾ ಹದಿಮೂರಕ್ಕೆ ಹೋಗಿ ಅಲ್ಲೇ ಕುಳಿತಿತು. ಮೋಟರುಗಳು ನಿಂತು ಬಲ್ಬುಗಳು ಮೊದಲಿನಂತೆ ಬೆಳಗಿದ ಮೇಲೂ ಅಲ್ಲೇ ಇತ್ತು. ಮರುದಿನವೂ ಹಾಗೆಯೇ. ಎರಡೂ ದಿನದ ಪಾಠ ಅವಳೇ ಬರೆದಳು.

ಪಾಠದ ನಂತರ ಮೇಲ್ವಿಚಾರಕಿ ಬೆಂಗಳೂರಿನಿಂದ ಕರೆ ಮಾಡಿದರು. "ನಿಮ್ಮ ಪದಗಳು ಹೆಚ್ಚು ನಿಖರ. ಆದರೆ ಅವಳು ಹೆಚ್ಚು ಸಿಗುತ್ತಾಳೆ," ಎಂದರು. ನಂತರ ವಿದ್ಯಾರ್ಥಿನಿ ಬರೆದ ಒಂದು ಸಂದೇಶವನ್ನು ಕಳಿಸಿದರು. "ಇನ್ನೊಬ್ಬ ಅಕ್ಕನ ಸಾಲುಗಳು ನಡುವೆ ನಿಲ್ಲುವುದಿಲ್ಲ. ಸಾಲು ನಿಂತಾಗ ತರಗತಿಯಲ್ಲಿ ಎಲ್ಲರೂ ನಗುತ್ತಿರುತ್ತಾರೆ, ಏಕೆಂದು ನನಗೆ ಗೊತ್ತಾಗುವುದಿಲ್ಲ."

ವಿದ್ಯಾರ್ಥಿನಿ ತಪ್ಪಾಗಿ ಏನೂ ಬರೆದಿರಲಿಲ್ಲ. ನನಗೆ ಚುಚ್ಚಿದ್ದು ಕೊನೆಯ ಸಾಲು ಆಗಬೇಕಿತ್ತು. ಚುಚ್ಚಿದ್ದು "ಇನ್ನೊಬ್ಬ ಅಕ್ಕ" ಎಂಬುದು. ಮುಂದಿನ ವಾರದ ಪಾಠ ಕೇಳಿ ನಿರ್ಧರಿಸುತ್ತೇನೆ ಎಂದು ಮೇಲ್ವಿಚಾರಕಿ ದಿನ ಗೊತ್ತುಮಾಡಿದರು.

ಆ ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುವಾಗ ಕಾಕಾನ ಮಗಳು ತಮ್ಮ ಸ್ಲ್ಯಾಬಿನ ಮೇಲೆ ಓಡಾಡುವುದು ಕಂಡಿತು. ಅವರ ಸ್ಲ್ಯಾಬಿನಿಂದ ನಮ್ಮ ಮಾಳಿಗೆಗೆ ಮೊಣಕಾಲೆತ್ತರದ ಗೋಡೆ ದಾಟಿದರೆ ಸಾಕು. ನಳ ಬಂದಾಗಲೆಲ್ಲ ಅವಳು ಮೇಲೆ ಹೋಗುತ್ತಾಳೆ ಎಂಬುದು ನೆನಪಾಯಿತು. ನಳ ಬಂದ ದಿನವೇ ನನ್ನ ಸಿಗ್ನಲ್ ಬೀಳುತ್ತದೆ. ನನ್ನ ಮನಸ್ಸು ಈ ಎರಡನ್ನು ಜೋಡಿಸಿದ ವೇಗ ನನಗೇ ಆಶ್ಚರ್ಯ ತಂದಿತು. ಏಣಿ ಹತ್ತಿ ಆಂಟೆನಾದ ಹತ್ತಿರ ಹೋಗಿ, ಅವಳು ತಿರುಗಿಸಿರುತ್ತಾಳೆ ಎಂಬ ಖಾತ್ರಿಯಿಂದ ಗೀರು ನೋಡಿದೆ.

ಗೀರು ಗೀರಿಗೆ ಕೂಡಿತ್ತು. ಕೂದಲಷ್ಟೂ ಅಲುಗಿರಲಿಲ್ಲ.

"ಏನ್ ನೋಡಾಕತ್ತಿ ಅಕ್ಕಾ?" ಅವಳು ಗೋಡೆಯ ಆಚೆಯಿಂದ ಕೇಳಿದಳು.

"ಏನಿಲ್ಲ. ನೀ ಏನ್ ಮಾಡಾಕತ್ತಿ?"

"ಟಾಕಿ ಮುಚ್ಚಳ ಹಾಕಾಕ ಬಂದಿದ್ದೆ, ನಿನ್ನೆ ಮರ್ತಿತ್ತು. ನೀರು ಇನ್ನೂ ಬಾಯಿ ಹತ್ರಾನ ಐತಿ ನೋಡು." ಅವಳು ಕಪ್ಪು ಪ್ಲಾಸ್ಟಿಕ್ ಟಾಕಿಯ ಹೊಟ್ಟೆಗೆ ಅಂಗೈಯಿಂದ ಹೊಡೆದಳು. ದಪ್ಪ, ಗಟ್ಟಿ ಸದ್ದು ಬಂತು.

ಅವಳು ಇಳಿದುಹೋದ ಮೇಲೂ ನಾನು ಅಲ್ಲೇ ನಿಂತೆ. ಆಂಟೆನಾದ ಹಲಗೆಯ ಹಿಂದೆ ತಲೆಯಿಟ್ಟು ಅದು ನೋಡುವ ದಿಕ್ಕಿನಲ್ಲೇ ನೋಡಿದೆ. ಅದು ಟವರನ್ನು ನೋಡುತ್ತಿರಲಿಲ್ಲ, ಟಾಕಿಯನ್ನು ನೋಡುತ್ತಿತ್ತು. ಟವರು ಟಾಕಿಯ ಮೇಲರ್ಧದ ನೇರ ಹಿಂದೆ ಇತ್ತು. ಖಾಲಿ ಪ್ಲಾಸ್ಟಿಕ್ಕನ್ನು ಈ ಅಲೆಗಳು ದಾಟಿಹೋಗುತ್ತವೆ. ನೀರು ಅವನ್ನು ಕುಡಿದುಬಿಡುತ್ತದೆ. ನಾನು ದಿಕ್ಕು ಕೂಡಿಸಿದ ದಿನ ಟಾಕಿ ತಳಮಟ್ಟಕ್ಕೆ ಇಳಿದಿತ್ತು. ನಳ ಬಂದಾಗ ತುಂಬುತ್ತದೆ, ಅವರು ಬಳಸಿದಂತೆ ಇಳಿಯುತ್ತದೆ, ಅರ್ಧಕ್ಕಿಂತ ಕೆಳಗಾದಾಗ ನನ್ನ ದೀಪ ಹಸಿರಾಗುತ್ತದೆ. ಖಾತ್ರಿಗೆಂದು ಹಲಗೆಯನ್ನು ಬಿಚ್ಚಿ ಬಿದಿರಿನ ಕೋಲಿಗೆ ಕಟ್ಟಿ, ವೈರು ಎಳೆದಷ್ಟು ದೂರ ಪಕ್ಕಕ್ಕೆ ಹಿಡಿದೆ. ಅವ್ವ ಕೆಳಗಿನಿಂದ "ನೂರಾ ಆರು" ಎಂದಳು. ಇನ್ನೂ ಪಕ್ಕಕ್ಕೆ ಹೋಗಲು ಮಾಳಿಗೆ ಇರಲಿಲ್ಲ, ಅತ್ತ ಮಗ್ಗದವರ ತಗಡಿನ ಶೆಡ್ಡು.

ಇದು ಗೊತ್ತಾದಾಗ ಬಿಡುಗಡೆಯಾದಂತೆ ಅನಿಸಬೇಕಿತ್ತು. ನನಗೆ ಬಂದದ್ದು ಸಿಟ್ಟು. ಕೇಬಲ್ಲಿನ ಕೊನೆಯ ಜಾಗ ಅವರದು. ನಳದ ನೀರು ಎಳೆಯುವ ಮೋಟರು ಅವರದು. ಆ ನೀರನ್ನು ತುಂಬಿ ನನ್ನ ಮತ್ತು ಟವರಿನ ನಡುವೆ ನಿಲ್ಲಿಸಿದ ಟಾಕಿಯೂ ಅವರದು. ಮತ್ತು ಇದ್ಯಾವುದನ್ನೂ ಅವಳು ಬೇಕೆಂದು ಮಾಡಿರಲಿಲ್ಲ. ಬೇಕೆಂದು ಮಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ದಾರಿ ಒಂದೇ ಇತ್ತು. ಆಂಟೆನಾ ಟಾಕಿಯ ಆಚೆ, ಅವರ ಸ್ಲ್ಯಾಬಿನ ಮೇಲೆ ಹೋಗಬೇಕು. ಅವ್ವನಿಗೆ ಹೇಳಿದೆ.

"ಅವ್ರ ಮನಿ ಮ್ಯಾಲ ನಿನ್ನ ಕೋಲಾ? ಬ್ಯಾಡ. ನಾಳೆ ಒಂದ್ ಮಾತ್ ಬಂದ್ರ, ತಗದ್ ಒಗಿ ಅಂತಾಳ ನಿಮ್ಮ ಕಾಕಿ. ಅವರ ಋಣದಾಗ ನೀ ನೌಕರಿ ಮಾಡೂದು ಬ್ಯಾಡ."

ಅವ್ವ ಹಾಗೆ ಹೇಳಲಿ ಎಂದೇ ನಾನು ಕಾಯುತ್ತಿದ್ದೆ ಅಂತ ಕಾಣುತ್ತದೆ. ವಾದ ಮಾಡಲಿಲ್ಲ. ಮೇಲ್ವಿಚಾರಕಿ ಹೇಳಿದ ದಿನದ ಹೊತ್ತಿಗೆ ಟಾಕಿ ಇಳಿದಿರುತ್ತದೆ, ಅಷ್ಟರೊಳಗೆ ನಳ ಬರುವುದಿಲ್ಲ ಎಂದು ಲೆಕ್ಕ ಹಾಕಿ ಸುಮ್ಮನಾದೆ.

ನಳ ಆ ದಿನದ ಹಿಂದಿನ ಸಂಜೆಯೇ ಬಂತು. ಕಾಕಾನ ಮೋಟರು ಕತ್ತಲಾಗುವವರೆಗೆ ನಡೆಯಿತು. ನಮ್ಮ ತೊಟ್ಟಿ ಅರ್ಧವೂ ತುಂಬಲಿಲ್ಲ.

ಮುಂಜಾನೆ ಎದ್ದು ಮೊದಲು ಅಂಕಿ ನೋಡಿದೆ. ಮೈನಸ್ ನೂರಾ ಹದಿನಾಲ್ಕು. ಪಾಠ ಶುರುವಾಗುವುದಕ್ಕೆ ಇನ್ನೂ ಹೊತ್ತಿತ್ತು. ಎರಡು ಕೆಲಸ ಮಾಡಬಹುದಿತ್ತು. ಸುಮ್ಮನೆ ಕುಳಿತು, ಚುಕ್ಕಿ ಕೆಂಪಾಗುವುದನ್ನು ನೋಡಿ, ನನಗೆ ಅನ್ಯಾಯವಾಯಿತು ಎಂದು ಮುಂದೆ ಬಹಳ ದಿನ ಹೇಳಿಕೊಳ್ಳಬಹುದಿತ್ತು. ಅದಕ್ಕೆ ಬೇಕಾದ ಪುರಾವೆಯೆಲ್ಲ ನನ್ನಲ್ಲಿತ್ತು. ಇಲ್ಲವೇ ಗೋಡೆ ದಾಟಬಹುದಿತ್ತು. ಸಾಲು ನಿಂತಾಗ ಏಕೆ ನಗುತ್ತಾರೆಂದು ಗೊತ್ತಾಗದೆ ಕುಳಿತ ಹುಡುಗಿಯನ್ನು ನೆನೆಸಿಕೊಂಡು ದಾಟಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಅದೂ ಸ್ವಲ್ಪ ಇತ್ತು. ಹೆಚ್ಚಿನದು, ಇಂದು ಕಾಕಾನ ಮಗಳು ಗೆಲ್ಲುವುದನ್ನು ಕೂತು ನೋಡಲಾರೆ ಎಂಬುದು.

ಅವಳು ಸ್ಲ್ಯಾಬಿನ ಮೇಲೆ ಹಲ್ಲುಜ್ಜುತ್ತಿದ್ದಳು. ಹೇಳಬೇಕಾದದ್ದನ್ನು ಪಾಠ ಒಪ್ಪಿಸಿದಂತೆ ಹೇಳಿದೆ: ಟಾಕಿ, ನೀರು, ಟವರು. ಆಂಟೆನಾ ಅವರ ಸ್ಲ್ಯಾಬಿನ ಮೇಲೆ ಹಾಕಲು ಈಗ ಸಮಯವಿಲ್ಲ, ವೈರು ಮುಟ್ಟುವುದಿಲ್ಲ. ಅವಳು ಬಾಯಿ ಮುಕ್ಕಳಿಸಿ, ಟಾಕಿಯನ್ನೊಮ್ಮೆ ನನ್ನ ಹಲಗೆಯನ್ನೊಮ್ಮೆ ನೋಡಿದಳು.

"ಇಷ್ಟ ಹೌದಿಲ್ಲೋ? ಟಾಕಿ ಅರ್ಧಾ ಖಾಲಿ ಆದ್ರ ಸಾಕು?"

"ಅರ್ಧಕ್ಕ ಕೆಳಗ ಆಗಬೇಕು. ಆದ್ರ ನೀರು..."

"ನಿಮ್ಮ ತೊಟ್ಟಿ ತುಂಬೇತೇನು?"

"ಇಲ್ಲ."

"ಮತ್ತ? ಹುಚ್ಚಿ ಅದಿ ನೋಡು. ಇಷ್ಟ ದಿನಾ ಇದನ್ನ ಹೊಟ್ಟ್ಯಾಗ ಇಟ್ಕೊಂಡ್ ಕುಂತಿದ್ದಿ?" ಅವಳು ಮೂಲೆಯಲ್ಲಿದ್ದ ರಬ್ಬರ್ ಪೈಪು ಎಳೆದು ಟಾಕಿಯ ತಳದ ನಲ್ಲಿಗೆ ಸಿಕ್ಕಿಸಿದಳು. ಇನ್ನೊಂದು ತುದಿಯನ್ನು ನಮ್ಮ ಹಿತ್ತಲಿಗೆ ಒಗೆದಳು. "ದೊಡ್ಡವ್ವಾ! ಪೈಪ್ ತೊಟ್ಟ್ಯಾಗ ಬಿಡ್ರಿ!"

ಅವ್ವ ಹಿತ್ತಲಿಗೆ ಬಂದು ಪೈಪನ್ನು ನೋಡಿದಳು. ನನ್ನನ್ನು ನೋಡಿದಳು. ನೀರು ಆಗಲೇ ನೆಲಕ್ಕೆ ಬೀಳುತ್ತಿತ್ತು. ನಮ್ಮ ಊರಿನಲ್ಲಿ ನಳದ ನೀರು ನೆಲಕ್ಕೆ ಬೀಳುವುದನ್ನು ಯಾವ ಹೆಂಗಸೂ ನೋಡುತ್ತ ನಿಲ್ಲುವುದಿಲ್ಲ. ಎರಡು ಹೆಜ್ಜೆಯಲ್ಲಿ ಬಂದು ಪೈಪು ಎತ್ತಿ ತೊಟ್ಟಿಗೆ ಬಿಟ್ಟಳು.

ಸದ್ದು ಕೇಳಿ ಕಾಕಿ ಮೇಲೆ ಬಂದರು. "ಏನಲೇ ಇದು! ನಿನ್ನೆ ತುಂಬಿದ ನೀರು! ಮತ್ತ ನಳಾ ಯಾವಾಗ ಬರ್ತೈತೋ ಯಾರಿಗ್ ಗೊತ್ತು?"

"ಎಲ್ಲಿ ಹೊಂಟೈತಬೇ ನೀರು, ದೊಡ್ಡವ್ವನ ತೊಟ್ಟಿಗೆ. ಕಡಿಮಿ ಬಿದ್ರ ನಾನ ಕೊಡಾ ತಗೊಂಡ್ ಹೋಗಿ ತರ್ತೀನಿ. ಅಕ್ಕಂದು ಪರೀಕ್ಷಾ ಐತಿ ಇವತ್ತು."

"ಅಕಿ ಪರೀಕ್ಷಾ ಅಂದ್ರ ನಿಂದೂ ಪರೀಕ್ಷಾ ಅಲ್ಲೇನು?"

"ಹೌದು. ಅದಕ್ಕ ಅಂತೀನಿ, ನೀ ಕೆಳಗ ಹೋಗಿ ನನಗ ರೊಟ್ಟಿ ಹಾಕು."

ಕಾಕಿ ಗೊಣಗುತ್ತ ಇಳಿದರು. ಅವಳು ಟಾಕಿಗೆ ಒರಗಿ, ಬೆರಳಿನಿಂದ ಅದರ ಹೊಟ್ಟೆಯನ್ನು ಮೇಲಿಂದ ಕೆಳಕ್ಕೆ ತಟ್ಟುತ್ತ ನೀರು ಎಲ್ಲಿಗೆ ಇಳಿಯಿತೆಂದು ಹುಡುಕುತ್ತಿದ್ದಳು. ಮೇಲೆ ಟೊಳ್ಳು ಸದ್ದು, ಕೆಳಗೆ ಗಟ್ಟಿ ಸದ್ದು.

"ಒಂದ್ ಹೇಳ್ಲಿ ಅಕ್ಕಾ? ನಿನ್ನ ಲೈನ್ ಬಿದ್ದಾಗೆಲ್ಲ ನನಗ ಖುಷಿ ಆಗ್ತಿತ್ತು. ಸುಳ್ಳ್ ಯಾಕ ಹೇಳ್ಲಿ. ಕೆಂಪ ಚುಕ್ಕಿ ಕಂಡ ಕೂಡ್ಲೆ, ಬಂತು ನನ್ನ ಪಾಳಿ ಅಂತಿದ್ದೆ." ಅವಳು ನಕ್ಕಳು. "ಆಮ್ಯಾಲ ಆ ಲ್ಯಾಟಿನ್ ಹೆಸರು ಬರ್ತಿದ್ವಲ್ಲ, ಆವಾಗ ಜೀವಾ ಹೋಗ್ತಿತ್ತು. ಅಕ್ಕ ಬರ್ಲೆಪಾ ಬರ್ಲೆಪಾ ಅಂತ ಕುಂಡ್ರತಿದ್ದೆ."

ನಾನು "ಹೂಂ" ಎಂದೆ. ಅವಳ ಕೇಬಲ್ಲಿಗೆ, ಟೈಪಿಂಗ್ ವೇಗಕ್ಕೆ, ಹಸಿರು ಚುಕ್ಕಿಗೆ ನಾನು ಹೊಟ್ಟೆಕಿಚ್ಚು ಪಟ್ಟಿದ್ದೆ. ಈಗ ಇದಕ್ಕೂ ಪಟ್ಟೆ. ನಾನು ತಿಂಗಳುಗಟ್ಟಲೆ ಯಾರಿಗೂ ಕಾಣದಂತೆ ಮುಚ್ಚಿಟ್ಟದ್ದನ್ನು ಅವಳು ಹಲ್ಲುಜ್ಜಿದ ಬಾಯಿಯಲ್ಲಿ ಹೇಳಿ ನಕ್ಕುಬಿಟ್ಟಿದ್ದಳು.

ಬೆಳಕಿಂಡಿಯಿಂದ ಅವ್ವನ ದನಿ ಬಂತು. ನಾನು ಹೇಳದೆಯೇ ಲ್ಯಾಪ್‌ಟಾಪಿನ ಮುಂದೆ ಹೋಗಿ ಕುಳಿತಿದ್ದಳು. "ನೂರಾ ಒಂಬತ್ತು!"

"ಜಾಸ್ತಿ ಆತೋ ಕಡಿಮಿ ಆತೋ ದೊಡ್ಡವ್ವಾ?" ಕಾಕಾನ ಮಗಳು ಕೂಗಿದಳು.

"ಕಡಿಮಿ ಆತು. ಕಡಿಮಿ ಆದ್ರ ಛಲೋ. ನಿನಗ ಗೊತ್ತಿಲ್ಲೇನು? ನೂರಾ ನಾಕು!"

ತೊಂಬತ್ತಾರಕ್ಕೆ ನಲ್ಲಿ ಬಂದ್ ಮಾಡಿದೆವು. ನಮ್ಮ ತೊಟ್ಟಿ ಅಂಚಿನವರೆಗೆ ತುಂಬಿತ್ತು.

ಆ ದಿನದ ಪಾಠ ಎಲೆಯ ಮೇಲಿನ ಪತ್ರರಂಧ್ರಗಳ ಕುರಿತು. ಕಾವಲು ಕೋಶಗಳಲ್ಲಿ ನೀರು ತುಂಬಿದಾಗ ರಂಧ್ರ ತೆರೆಯುತ್ತದೆ, ನೀರು ಇಳಿದಾಗ ಮುಚ್ಚುತ್ತದೆ ಎಂದು ಅಧ್ಯಾಪಕರು ಹೇಳಿದರು. ನಮ್ಮಲ್ಲಿ ತಿರುವುಮುರುವು ಎಂದು ಬೆರಳುಗಳು ಟೈಪ್ ಮಾಡುತ್ತಲೇ ಅಂದುಕೊಂಡೆ. ನಡುವೆ ಅವರೊಂದು ತಮಾಷೆ ಮಾಡಿದರು. ತರಗತಿ ನಕ್ಕಿತು. ತಮಾಷೆಯನ್ನು ಹಾಗೆಯೇ ಬರೆದು, ಕಂಸದಲ್ಲಿ "ಎಲ್ಲರೂ ನಗುತ್ತಿದ್ದಾರೆ" ಎಂದು ಸೇರಿಸಿದೆ. ಚುಕ್ಕಿ ಕೊನೆಯವರೆಗೂ ಕೆಂಪಾಗಲಿಲ್ಲ. ಪಕ್ಕದ ಚಿಕ್ಕ ಚುಕ್ಕಿಯೂ ಹಸಿರಾಗಿಯೇ ಇತ್ತು.

ಜಾಗ ನನಗೆ ಸಿಕ್ಕಿತು. ನಂತರದ ರವಿವಾರ ಅಪ್ಪ ಬಂದಾಗ, ಉದ್ದವಿದ್ದರೂ ಕಡಿಮೆ ಸೋರುವ ದಪ್ಪ ವೈರು ತರಿಸಿಕೊಂಡು, ಆಂಟೆನಾವನ್ನು ಟಾಕಿಯ ಆಚೆ ಕಾಕಾನ ಸ್ಲ್ಯಾಬಿನ ಮೂಲೆಗೆ ಹಾಕಿದೆವು. ಅವ್ವ ಬೇಡ ಎನ್ನಲಿಲ್ಲ. ಸಂಜೆ ಗೋಡೆಯ ಮೇಲಿಂದ ಕಾಕಿಗೆ ಒಂದು ಡಬ್ಬಿ ಶೇಂಗಾ ಚಟ್ನಿ ದಾಟಿಸಿದಳು. ಡಬ್ಬಿ ಮರಳಿ ಬಂದಾಗ ಅದರಲ್ಲಿ ಕಾಕಿ ಮಾಡಿದ ಸಿಹಿ ಮಾದಲಿ ಇತ್ತು. ಈಗ ನಳ ಬಂದಾಗ ಅಂಕಿ ಅಲುಗುವುದಿಲ್ಲ. ಮೋಟರಿನ ಸದ್ದು ಕೇಳಿದರೆ ನನ್ನ ಕಣ್ಣು ಮಾತ್ರ ಈಗಲೂ ಅಲ್ಲಿಗೇ ಹೋಗುತ್ತದೆ.

ಕಾಕಾನ ಮಗಳಿಗೆ ಅದೇ ಸಂಸ್ಥೆ ಬೇರೊಂದು ಕಾಲೇಜಿನ ಇತಿಹಾಸದ ತರಗತಿ ಕೊಟ್ಟಿತು. ಅಲ್ಲಿ ಬರೆಯುವವಳು ಅವಳೇ, ನನ್ನ ಪಾಠಕ್ಕೆ ಕಾಯುವವಳೂ ಅವಳೇ. ವಿದ್ಯಾರ್ಥಿಗಳು ಮೂವರು. ಮೂವರು ಎಂದು ಕೇಳಿದಾಗ ನನ್ನೊಳಗೆ ಏನಾಯಿತೆಂದು ನನಗೆ ಗೊತ್ತು, ಅದರ ಹೆಸರೂ ಗೊತ್ತು.

ಹೊಸ ನೀರಿನ ಕೊಳವೆ ಹಾಕಲು ರಸ್ತೆ ಅಗೆದವರು ಇತ್ತೀಚೆಗೆ ಓಣಿಗೆ ಬರುವ ಕೇಬಲ್ಲನ್ನೇ ಕಡಿದರು. ಮುಂಜಾನೆ ನನ್ನ ಪಾಠದ ನಡುವೆ ಅವಳ ಚಿಕ್ಕ ಚುಕ್ಕಿ ಕೆಂಪಾಯಿತು. ಮೊದಲ ಗಳಿಗೆ ಖುಷಿಯಾಯಿತು. ಸುಳ್ಳು ಏಕೆ ಹೇಳಲಿ. ಪಾಠ ಮುಗಿಸಿ ಹಿತ್ತಲಿಗೆ ಹೋದಾಗ ಅವಳು ಗೋಡೆಯ ಆಚೆ ಫೋನು ಮೇಲೆತ್ತಿ ಹಿಡಿದು ತಿರುಗುತ್ತಿದ್ದಳು. ಅವಳ ತರಗತಿ ಮಧ್ಯಾಹ್ನಕ್ಕೆ ಇತ್ತು. ಅವಳಿಗಾಗಿ ಕಾಯುವವಳು ಬೇರೆ ಊರಿನವಳು, ಅವಳ ಲೈನು ಬೇರೆ. ಆದ್ದರಿಂದ ನನ್ನದನ್ನು ಕೊಟ್ಟರೆ ನಿಯಮ ಮುರಿಯುತ್ತಿರಲಿಲ್ಲ. ಮಧ್ಯಾಹ್ನ ನನಗೆ ಪಾಠವೂ ಇರಲಿಲ್ಲ. ಇಲ್ಲ ಎನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ.

"ನಂದು ಹಚ್ಕೋ," ಎಂದೆ. "ಬೆಳಕಿಂಡಿ ಕೆಳಗ ಬಂದು ಕುಂಡ್ರು, ಅಲ್ಲಿ ಛಲೋ ಐತಿ."

"ಪಾಸ್‌ವರ್ಡ್?"

ಬರೆದು ಕೊಡುತ್ತೇನೆ ಎನ್ನಬಹುದಿತ್ತು. ಅವಳ ಹೆಬ್ಬೆರಳು ಫೋನಿನ ಮೇಲೆ ಸಿದ್ಧವಾಗಿತ್ತು. ಮಗ್ಗದ ಶೆಡ್ಡಿನ ಬಾಗಿಲಲ್ಲಿ ಇಬ್ಬರು ಹೆಂಗಸರು ಕುಳಿತಿದ್ದರು. ಕಾಕಿ ಸ್ಲ್ಯಾಬಿನ ಮೇಲೆ ಹಪ್ಪಳ ಒಣಗಿಸುತ್ತಿದ್ದರು.

"ನನ್ನದುಮಾತ್ರ," ಎಂದೆ. "ಇಂಗ್ಲಿಷಿನಾಗ. ನಡುವ ಜಾಗಾ ಬಿಡಬ್ಯಾಡ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಕಣ್ಣಿನ ತುದಿಯಲ್ಲಿ ನಗು ಇತ್ತು, ಬಾಯಿಗೆ ಬರದಂತೆ ಹಿಡಿದಿದ್ದಳು.

"ಕೇಳಸ್ಲಿಲ್ಲ ಅಕ್ಕಾ. ಇನ್ನೊಮ್ಮೆ ಹೇಳು?"

ಅವಳಿಗೆ ಮೊದಲ ಸಲವೇ ಕೇಳಿಸಿತ್ತು. ನಾನು ಇನ್ನೊಮ್ಮೆ ಹೇಳಿದೆ, ಮೊದಲಿಗಿಂತ ಗಟ್ಟಿಯಾಗಿ.